ನೀರು ಹಿಡಿದ ತೊಗಲು

ಅಥಣಿಯ ಹೆಸರು ಹೇಳಿದೊಡನೆ ಭಕ್ತರಿಗೆ ಮುರುಘೇಂದ್ರ ಶಿವಯೋಗಿಗಳ ನೆನಪಾಗುತ್ತದೆ. ಉಳಿದವರ ಕಣ್ಣ ಮುಂದೆ ಬಂದು ನಿಲ್ಲುವುದು ಒಂದು ಜೊತೆ ಚಪ್ಪಲಿ. ಕೊಲ್ಹಾಪುರದ ಪೇಟೆಯಲ್ಲಿ ಮಾರಾಟವಾದುದರಿಂದ ಅದು ಕೊಲ್ಹಾಪುರಿಯೆಂಬ ಹೆಸರು ಪಡೆಯಿತು. ಆದರೆ ಅದನ್ನು ಹೊಲಿದ ಕೈಗಳಲ್ಲಿ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ ಸೀಮೆಯ ಕನ್ನಡದ ಕೈಗಳೂ ಬಹಳ. ಮೊಳೆಯ ಹಂಗಿಲ್ಲದೆ ತೊಗಲಿನ ಎಳೆಯಿಂದಲೇ ತೊಗಲನ್ನು ಹೊಲಿಯುವ ಆ ಕುಶಲತೆಯನ್ನು ಎಲ್ಲರೂ ಕೊಂಡಾಡಿದ್ದಾರೆ. ನಡೆಯುವಾಗ ಬರುವ ಆ ಕರಕರ ಸದ್ದಿಗೂ ಒಂದು ಕಾಲದಲ್ಲಿ ಬೆಲೆಯಿತ್ತು.

ಚಪ್ಪಲಿಯ ಕಥೆಯನ್ನು ಹೇಳುವವರು ಬಹಳ ಮಂದಿಯಿದ್ದಾರೆ. ಈ ಲೇಖನದ ವಿಷಯ ಅದರ ಹಿಂದಿನದು. ಇದೇ ಸೀಮೆಯ ತೊಗಲು ಮನುಷ್ಯನ ಕಾಲಿಗೆ ರಕ್ಷೆಯಾಗಿದ್ದಂತೆಯೇ ಅವನ ಬಾಯಾರಿಕೆಗೆ ಪಾತ್ರೆಯೂ ಆಗಿತ್ತು. ಬಾವಿಯಿಂದ ನೀರನ್ನು ಎತ್ತಿದ್ದು ತೊಗಲು. ಎತ್ತಿದ ನೀರನ್ನು ಊರ ಬೀದಿಗಳಲ್ಲಿ ಹೊತ್ತು ತಿರುಗಿದ್ದು ತೊಗಲು. ಸಂತೆಯಿಂದ ಸಂತೆಗೆ ತುಪ್ಪವನ್ನೂ ಎಣ್ಣೆಯನ್ನೂ ಸಾಗಿಸಿದ್ದು ತೊಗಲು. ಹೀಗೆ ಊರಿಗೆಲ್ಲ ನೀರು ಕೊಟ್ಟ ಪಾತ್ರೆಯನ್ನು ಮಾಡಿದವನಿಗೆ ಆ ಊರು ಯಾವ ಪಾತ್ರೆಯಲ್ಲಿ ನೀರು ಕೊಟ್ಟಿತು? ತೊಗಲಿನ ಇತಿಹಾಸವನ್ನು ಬಿಚ್ಚುತ್ತ ಹೋದರೆ ಕೊನೆಗೆ ಎದುರಾಗುವ ಪ್ರಶ್ನೆ ಇದು.

ಮಾತಿನಲ್ಲಿ ಉಳಿದ ಪಾತ್ರೆಗಳು

ವಸ್ತು ಅಳಿದುಹೋದ ಮೇಲೂ ಶಬ್ದ ಉಳಿಯುವುದುಂಟು. ನಮ್ಮ ನಿಘಂಟುಗಳನ್ನು ತೆರೆದರೆ ತೊಗಲಿನ ಪಾತ್ರೆಗಳಿಗೆ ಎಷ್ಟು ಹೆಸರುಗಳು! ತಿತ್ತಿ ಎಂದರೆ ತೊಗಲಿನ ಚೀಲ. ಕಮ್ಮಾರನು ಗಾಳಿ ಊದುವ ತಿದಿ ಅದರ ಸಮೀಪದ ಬಂಧು. ಬುದ್ದಲಿ, ಸಿದ್ದಿಗೆ ಎಂಬವು ಎಣ್ಣೆ ತುಪ್ಪಗಳನ್ನಿಡುವ ತೊಗಲಿನ ಪಾತ್ರೆಗಳು. ಆಡಿನ ತೊಗಲನ್ನು ಸೀಳದೆ ಇಡಿಯಾಗಿ ಸುಲಿದು, ಕಾಲುಗಳ ಕಡೆ ಬಿಗಿದು, ಕೊರಳನ್ನೇ ಬಾಯಾಗಿ ಬಿಟ್ಟರೆ ಅದು ಮಶಕ. ಭಿಸ್ತಿಯು ಬೆನ್ನಿಗೆ ಹಾಕಿಕೊಂಡು ನೀರು ಚಿಮುಕಿಸುತ್ತಿದ್ದುದು ಇದರಿಂದಲೇ. ಎತ್ತಿನ ಅಥವಾ ಕೋಣನ ಬೆನ್ನಿನ ಮೇಲೆ ಎರಡೂ ಮಗ್ಗುಲಿಗೆ ಜೋಲುವಂತೆ ಹೇರುವ ದೊಡ್ಡ ಚೀಲ ಪಖಾಲಿ. ಆ ಕಸಬಿನವರ ಮನೆತನದ ಹೆಸರಾಗಿ ಆ ಶಬ್ದ ನಮ್ಮ ಉತ್ತರದ ಜಿಲ್ಲೆಗಳಲ್ಲಿ ಈಗಲೂ ಉಳಿದಿದೆ. ಬಾವಿಗೆ ಇಳಿಯುವ ಭಾರಿ ಚೀಲ ಮೊಟ್ಟೆ. ನೆರೆಯ ಮರಾಠಿಯವರಿಗೆ ಅದು ಮೋಟ, ಮೈಸೂರು ಸೀಮೆಯವರಿಗೆ ಕಪಿಲೆಯ ಬಾನಿ.

ಇಷ್ಟು ಹೆಸರುಗಳ ನಡುವೆ ಒಂದನ್ನು ಮಾತ್ರ ಕಾಣೆವು. ತುಟಿಗೆ ಹಚ್ಚಿ ಕುಡಿಯುವ ತೊಗಲಿನ ಲೋಟಕ್ಕೆ ನಮ್ಮಲ್ಲಿ ರೂಢಿಯ ಹೆಸರಿಲ್ಲ. ಈ ಕೊರತೆ ಆಕಸ್ಮಿಕವಲ್ಲ. ಅದರ ಕಾರಣವನ್ನು ಮುಂದೆ ನೋಡೋಣ. ಮೊದಲು, ತೊಗಲು ನೀರನ್ನು ಹಿಡಿಯುವುದಾದರೂ ಹೇಗೆ ಎಂಬುದನ್ನು ತಿಳಿಯಬೇಕು.

ಹಸಿ ತೊಗಲು, ಹದ ತೊಗಲು

ತೊಗಲು ಒಂದೇ ಆದರೂ ಅದರಿಂದ ಪಾತ್ರೆ ಮಾಡುವ ದಾರಿ ಎರಡು. ಮೊದಲನೆಯದು ಹಸಿ ತೊಗಲಿನ ದಾರಿ. ಹದ ಮಾಡದ ತೊಗಲನ್ನು ನೆನೆಸಿದರೆ ಹಿಟ್ಟಿನಂತೆ ಮೆತ್ತಗಾಗುತ್ತದೆ. ಒಣಗಿಸಿದರೆ ಕೊಂಬಿನಂತೆ ಗಟ್ಟಿಯಾಗುತ್ತದೆ. ಬುದ್ದಲಿಯಂಥ ತುಪ್ಪದ ಪಾತ್ರೆಗಳನ್ನು ಮಾಡುವವರು ಈ ಗುಣವನ್ನು ಚೆನ್ನಾಗಿ ಬಲ್ಲವರು. ಮಣ್ಣಿನ ಅಚ್ಚಿನ ಮೇಲೆ ನೆನೆದ ತೊಗಲನ್ನು ಹೊದಿಸಿ, ಒಣಗಿದ ಮೇಲೆ ಒಳಗಿನ ಮಣ್ಣನ್ನು ಕುಟ್ಟಿ ಉದುರಿಸಿದರೆ ಹಗುರವಾದ, ಬಿದ್ದರೆ ಒಡೆಯದ ಪಾತ್ರೆ ಸಿದ್ಧ. ಎಣ್ಣೆಯೂ ತುಪ್ಪವೂ ಅದರ ಮೈಯೊಳಗೆ ಇಳಿದು, ಇದ್ದಬದ್ದ ಸಣ್ಣ ರಂಧ್ರಗಳನ್ನು ತಾವೇ ಮುಚ್ಚಿಬಿಡುತ್ತವೆ. ಗಾಡಿಯ ಕುಲುಕಾಟದಲ್ಲಿ ಮಣ್ಣಿನ ಕೊಡ ಒಡೆಯುತ್ತಿತ್ತು, ತಾಮ್ರದ ಕೊಡ ದುಬಾರಿಯಾಗಿತ್ತು. ಬುದ್ದಲಿ ಎರಡೂ ಚಿಂತೆಯನ್ನು ನೀಗಿಸಿತ್ತು. ಇಂಗ್ಲಿಷರು ಈ ದೇಶಕ್ಕೆ ಬಂದಾಗ ತುಪ್ಪದ ವ್ಯಾಪಾರವೆಲ್ಲ ಇಂಥ ಪಾತ್ರೆಗಳಲ್ಲಿ ನಡೆಯುವುದನ್ನು ಕಂಡು, ಅವಕ್ಕೆ ‘ಡಬ್ಬರ್’ ಎಂಬ ಹೆಸರನ್ನು ತಮ್ಮ ಭಾಷೆಗೆ ಸೇರಿಸಿಕೊಂಡರು.

ಆದರೆ ಆ ಬುದ್ದಲಿಯಲ್ಲಿ ನೀರು ತುಂಬಿದರೆ? ಗಟ್ಟಿಯಾದದ್ದು ಮತ್ತೆ ಮೆತ್ತಗಾಗುತ್ತದೆ, ಮೆತ್ತಗಾದದ್ದು ನಾಲ್ಕು ದಿನದಲ್ಲಿ ಕೊಳೆಯುತ್ತದೆ. ಆದ್ದರಿಂದ ನೀರಿನ ಪಾತ್ರೆಗೆ ಎರಡನೆಯ ದಾರಿಯೇ ಬೇಕು. ಅದು ಹದ ಮಾಡಿದ ತೊಗಲಿನ ದಾರಿ, ಬೆವರಿನ ದಾರಿ, ಬಹುದಿನಗಳ ದಾರಿ.

ಬೆಳಗಾವಿ ಜಿಲ್ಲೆಯ ಈ ಭಾಗದಲ್ಲಿ ತೊಗಲಿನ ಕೆಲಸ ಹಂಚಿಕೆಯಾಗಿತ್ತು. ಹದ ಮಾಡುವವರು ಡೋಹರರು ಅಥವಾ ಢೋರರು. ಮೆಟ್ಟು ಹೊಲಿಯುವವರು ಸಮಗಾರರು. ಬಾರು, ಮಿಣಿ, ಬಾರುಕೋಲುಗಳು ಬಹುಮಟ್ಟಿಗೆ ಮಾದಿಗರ ಕೈಯವು. ಹದಗಾರನ ಕೆಲಸ ಸುಣ್ಣದ ಗುಂಡಿಯಿಂದ ಆರಂಭ. ಸುಣ್ಣದ ನೀರಿನಲ್ಲಿ ದಿನಗಟ್ಟಲೆ ನೆನೆದ ತೊಗಲಿನ ಕೂದಲು ಸಡಿಲವಾಗುತ್ತದೆ. ಮರದ ದಿಮ್ಮಿಯ ಮೇಲೆ ಹರವಿ ಒಂದು ಕಡೆಯ ಕೂದಲನ್ನೂ ಇನ್ನೊಂದು ಕಡೆಯ ಮಾಂಸದ ಪೊರೆಯನ್ನೂ ಕೆರೆದು ತೆಗೆಯಬೇಕು. ಬಳಿಕ ಸುಣ್ಣ ಪೂರ್ತಿ ಬಿಡುವವರೆಗೆ ತೊಳೆಯಬೇಕು. ಸುಣ್ಣ ಉಳಿದರೆ ತೊಗಲು ಮುಂದೆ ಸಿಡಿಯುತ್ತದೆ.

ಇಲ್ಲಿಂದ ಮುಂದೆ ಮರಗಿಡಗಳ ಸಹಾಯ ಬೇಕು. ಕರಿಜಾಲಿಯ ತೊಗಟೆ, ಅಣಲೆಕಾಯಿ, ತಂಗಡಿಯ ತೊಗಟೆ, ಇವುಗಳ ಒಗರೇ ಹದದ ಜೀವ. ಅಣಲೆಕಾಯಿಯನ್ನು ಬಾಯಿಗಿಟ್ಟರೆ ನಾಲಗೆ ಬಿಗಿದುಕೊಳ್ಳುತ್ತದಲ್ಲವೆ? ತೊಗಲಿನ ಎಳೆಎಳೆಯನ್ನೂ ಆ ಒಗರು ಅದೇ ರೀತಿ ಬಿಗಿಹಿಡಿಯುತ್ತದೆ. ಒಗರನ್ನು ಕುಡಿದ ಎಳೆ ಕೊಳೆಯುವುದಿಲ್ಲ, ಒಣಗಿದಾಗ ಕೊಂಬಾಗುವುದೂ ಇಲ್ಲ. ಅಣಲೆಕಾಯಿ ಸಹ್ಯಾದ್ರಿಯ ಸೆರಗಿನಿಂದ ಬರುತ್ತಿತ್ತು, ಕರಿಜಾಲಿ ಕೃಷ್ಣೆಯ ಬಯಲಿನ ಕರಿಮಣ್ಣಿನಲ್ಲಿ ತಾನಾಗಿ ಬೆಳೆಯುತ್ತಿತ್ತು, ದನಕರುಗಳಿಗೆ ಕೊರತೆಯಿರಲಿಲ್ಲ. ಈ ಸೀಮೆಯಲ್ಲಿ ತೊಗಲಿನ ಕಸಬು ಬೇರೂರಿದ ಕಾರಣವನ್ನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ.

ಹದದ ಕೊನೆಯ ಹಂತವೇ ನಮ್ಮ ವಿಷಯಕ್ಕೆ ಮುಖ್ಯವಾದುದು. ಗುಂಡಿಯಿಂದ ತೆಗೆದ ತೊಗಲಿನ ಅಂಚುಗಳನ್ನು ನಾರಿನ ಹುರಿಯಿಂದ ಹೊಲಿದು ದೊಡ್ಡ ಚೀಲವನ್ನಾಗಿ ಮಾಡುತ್ತಾರೆ. ಒಂದು ಕಡೆ ಬಾಯಿ ಬಿಡುತ್ತಾರೆ. ಮರದ ಕಟ್ಟಿಗೆ ಅದನ್ನು ತೂಗಹಾಕಿ, ಒಳಗೆ ಜಜ್ಜಿದ ತೊಗಟೆಯನ್ನು ತುರುಕಿ, ಕಷಾಯವನ್ನು ತುಂಬುತ್ತಾರೆ. ಕಷಾಯ ತನ್ನ ಭಾರದಿಂದಲೇ ತೊಗಲನ್ನು ಒಳಗಿನಿಂದ ಒತ್ತಿ, ಅದರ ಮೈಯ ಮೂಲಕ ಹಾಯ್ದು, ಹೊರಗೆ ಹನಿಹನಿಯಾಗಿ ಒಸರುತ್ತದೆ. ಕೆಳಗಿಟ್ಟ ಬಾನಿಯಲ್ಲಿ ಕೂಡಿದ್ದನ್ನು ಮತ್ತೆ ಮೇಲಿನಿಂದ ಸುರಿಯುತ್ತಾರೆ. ಒಂದೆರಡು ದಿನ ಕಳೆದ ಮೇಲೆ ಚೀಲವನ್ನು ತಲೆಕೆಳಗು ಮಾಡಿ, ಮೇಲಿದ್ದ ಭಾಗಕ್ಕೂ ಅಷ್ಟೇ ಕಷಾಯ ಕುಡಿಸುತ್ತಾರೆ. ಹದ ಬಂದ ಮೇಲೆ ಹೊಲಿಗೆ ಬಿಚ್ಚಿ, ತೊಳೆದು, ನೆರಳಿನಲ್ಲಿ ಒಣಗಿಸಿ, ಎಣ್ಣೆ ಹಚ್ಚುತ್ತಾರೆ.

ಅಂದರೆ ಈ ಬಗೆಯಲ್ಲಿ ಹದವಾದ ತೊಗಲು ಚಪ್ಪಲಿಯಾಗುವ ಮುನ್ನ, ಪಟ್ಟೆಯಾಗುವ ಮುನ್ನ, ಒಮ್ಮೆ ಪಾತ್ರೆಯಾಗಿತ್ತು. ನೀರು ಹಿಡಿಯುವುದನ್ನು ಅದು ಹದಗಾರನ ಅಂಗಳದಲ್ಲಿಯೇ ಕಲಿತಿತ್ತು. ಸುಲಿಯುವಾಗ ಕತ್ತಿ ತಾಕಿ ಗಾಯವಾಗಿದ್ದರೆ, ಉಣ್ಣೆ ಕಚ್ಚಿದ ತೂತಿದ್ದರೆ, ತೂಗಹಾಕಿದ ಚೀಲದಲ್ಲಿ ಅದು ಧಾರೆಯಾಗಿ ಎದ್ದು ಕಾಣುತ್ತಿತ್ತು. ಯಾವ ತೊಗಲು ಮೊಟ್ಟೆಗೆ, ಯಾವುದು ಅಟ್ಟೆಗೆ ಎಂಬುದನ್ನು ಹೇಳಲು ಹದಗಾರನಿಗೆ ಬೇರೆ ಪರೀಕ್ಷೆ ಬೇಕಾಗಿರಲಿಲ್ಲ.

ಬಾವಿಯ ಬಾಯಲ್ಲಿ

ನೀರಿನ ಪಾತ್ರೆಗಳಲ್ಲೆಲ್ಲ ದೊಡ್ಡದು ಮೊಟ್ಟೆ. ಅದನ್ನು ಬರಿಯ ಚೀಲವೆಂದು ತಿಳಿದವರು ಅದರ ಜಾಣ್ಮೆಯನ್ನು ಅರಿಯರು. ಅದರ ಮೇಲ್ಬಾಯಿ ಅಗಲವಾದುದು. ಕಬ್ಬಿಣದ ಬಳೆಯೊಂದು ಆ ಬಾಯನ್ನು ಸದಾ ತೆರೆದಿಟ್ಟಿರುತ್ತದೆ. ಕೆಳಗಡೆ ಆನೆಯ ಸೊಂಡಿಲಿನಂಥ ಉದ್ದನೆಯ ತೊಗಲ ಕೊಳವೆ. ಬಳೆಗೆ ಕಟ್ಟಿದ ದಪ್ಪ ಮಿಣಿ ಮೇಲಿನ ಗಾಲಿಯ ಮೇಲೆ ಹಾಯುತ್ತದೆ. ಸೊಂಡಿಲ ತುದಿಗೆ ಕಟ್ಟಿದ ತೆಳು ಹಗ್ಗ ಬಾವಿಯ ದಂಡೆಯ ಉರುಳೆಯ ಮೇಲೆ ಹಾಯುತ್ತದೆ. ಎರಡರ ಇನ್ನೊಂದು ತುದಿ ಎತ್ತುಗಳ ನೊಗಕ್ಕೆ. ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆ ತುಂಬಿದ ಮೊಟ್ಟೆ ಮೇಲೇರುತ್ತದೆ. ಸೊಂಡಿಲು ಮೇಲ್ಮುಖವಾಗಿ ಮಡಚಿಕೊಂಡಿರುವುದರಿಂದ ದಾರಿಯಲ್ಲಿ ನೀರು ಚೆಲ್ಲದು. ದಂಡೆಯ ಮಟ್ಟಕ್ಕೆ ಬಂದಾಗ ಸೊಂಡಿಲು ಉರುಳೆಯ ಮೇಲಿಂದ ಹೊರಳಿ ಕಲ್ಲಿನ ದೋಣಿಯೊಳಗೆ ಬೀಳುತ್ತದೆ. ಮೇಲಿನ ಚೀಲ ಇನ್ನೂ ಏರುತ್ತದೆ. ನೀರೆಲ್ಲ ಭೋರ್ಗರೆದು ತಾನಾಗಿ ಸುರಿಯುತ್ತದೆ. ಸುರಿಯಲು ಮತ್ತೊಬ್ಬ ಆಳು ಬೇಕಿಲ್ಲ. ಎತ್ತು ಹೊಡೆಯುವವನೊಬ್ಬನಿದ್ದರೆ ಸಾಕು. ಅವನ ಹಾಡೇ ಎತ್ತುಗಳಿಗೆ ತಾಳ.

ಇಂಥ ಮೊಟ್ಟೆಗೆ ತಿಂಗಳುಗಟ್ಟಲೆ ಒದ್ದೆಯಲ್ಲಿಯೇ ವಾಸ. ತೊಗಟೆಯ ಒಗರು ನಿಧಾನವಾಗಿ ನೀರಿಗೆ ಬಿಟ್ಟುಹೋಗುತ್ತ, ತೊಗಲು ಬಡವಾಗುತ್ತ ಬರುತ್ತದೆ. ಕಲ್ಲಿನ ಗೋಡೆಗೆ ಉಜ್ಜಿ ತೂತು ಬೀಳುತ್ತದೆ. ಆದ್ದರಿಂದ ಒಕ್ಕಲಿಗನಿಗೂ ತೊಗಲಿನ ಕಸಬಿನವನಿಗೂ ಬಿಡಿಸಲಾಗದ ನಂಟು. ಮೊಟ್ಟೆಗೆ ತೇಪೆ ಹಾಕುವುದು, ಎಣ್ಣೆ ಕುಡಿಸುವುದು, ಮಿಣಿ ಹೊಸೆದು ಕೊಡುವುದು ಅವನ ಕೆಲಸ. ಸುಗ್ಗಿಯಲ್ಲಿ ಕಣಕ್ಕೆ ಬಂದಾಗ ಆಯದ ಕಾಳು ಅಳೆದು ಕೊಡುವುದು ಇವನ ಕೆಲಸ. ಬಾವಿ ನಂಬಿದ ತೋಟವೆಲ್ಲ ಆ ಕಾಲದಲ್ಲಿ ತೊಗಲಿನ ಹೊಲಿಗೆಯೊಂದನ್ನು ನಂಬಿತ್ತು ಎಂದರೆ ಅತಿಶಯವಲ್ಲ.

ಮಶಕ ಪಖಾಲಿಗಳ ವಿಷಯವೂ ಸ್ವಾರಸ್ಯವಾದುದು. ಅವುಗಳ ಮೈಯನ್ನು ಎಣ್ಣೆ ಅಥವಾ ಕೊಬ್ಬಿನಿಂದ ಆಗಾಗ ತಣಿಸುತ್ತಿದ್ದರು. ಆದರೂ ಒಸರು ಪೂರ್ತಿ ನಿಲ್ಲುತ್ತಿರಲಿಲ್ಲ, ನಿಲ್ಲಬೇಕಾಗಿಯೂ ಇರಲಿಲ್ಲ. ಹೊರಮೈಯಲ್ಲಿ ಮೂಡಿದ ತೇವ ಗಾಳಿಗೆ ಆರುತ್ತ ಒಳಗಿನ ನೀರಿನ ಶಾಖವನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಗಡಿಗೆಯ ನೀರು ಬೇಸಿಗೆಯಲ್ಲಿ ತಣ್ಣಗಿರುವುದು ಯಾವ ನಿಯಮದಿಂದಲೋ ಮಶಕದ ನೀರು ತಣ್ಣಗಿರುವುದೂ ಅದೇ ನಿಯಮದಿಂದ.

ಇಂಗ್ಲೆಂಡಿನ ತೊಗಲ ಲೋಟ

ಇಷ್ಟೆಲ್ಲ ಬಲ್ಲ ನಮ್ಮವರು ಕುಡಿಯುವ ಲೋಟವನ್ನು ಏಕೆ ತೊಗಲಿನಿಂದ ಮಾಡಲಿಲ್ಲ? ಹೋಲಿಕೆಗಾಗಿ ಇಂಗ್ಲೆಂಡಿನ ಕಡೆ ನೋಡಬಹುದು. ಅಲ್ಲಿ ಮಧ್ಯಯುಗದಿಂದ ಮೊದಲ್ಗೊಂಡು ಬಹುಕಾಲ ಜನಸಾಮಾನ್ಯರು ಬಿಯರನ್ನು ತೊಗಲಿನ ಮಗ್ಗುಗಳಲ್ಲಿ ಕುಡಿದರು. ಅವಕ್ಕೆ ‘ಬ್ಲ್ಯಾಕ್‌ಜ್ಯಾಕ್’ ಎಂದು ಹೆಸರು. ದಪ್ಪನಾದ ಹದ ತೊಗಲನ್ನು ಕತ್ತರಿಸಿ, ನೆನೆಸಿ, ಮೇಣ ಹಚ್ಚಿದ ದಾರದಿಂದ ಒತ್ತಾಗಿ ಹೊಲಿದು, ಒಳಗೆ ಒದ್ದೆ ಮರಳನ್ನು ಗಿಡಿದೋ ಮರದ ಅಚ್ಚನ್ನು ತೂರಿಸಿಯೋ ಆಕಾರ ಕೊಟ್ಟು ಒಣಗಿಸುತ್ತಿದ್ದರು. ಒಣಗಿದ ಮೇಲೆ ಕರಗಿಸಿದ ರಾಳದ ಕಪ್ಪು ಅಂಟನ್ನೋ ಜೇನುಮೇಣವನ್ನೋ ಒಳಗೆ ಸುರಿದು, ಸುತ್ತಲೂ ಹೊರಳಿಸಿ, ಮಿಕ್ಕದ್ದನ್ನು ಚೆಲ್ಲಿದರೆ ಒಳಮೈಗೆ ತೆಳುವಾದ ಲೇಪ ಕೂಡುತ್ತಿತ್ತು. ಹೊಲಿಗೆಯ ರಂಧ್ರಗಳೆಲ್ಲ ಮುಚ್ಚಿಹೋಗುತ್ತಿದ್ದವು. ಬಿಸಿ ಪಾನೀಯಕ್ಕೆ ಮಾತ್ರ ಅದು ಒದಗುತ್ತಿರಲಿಲ್ಲ, ಲೇಪ ಕರಗುತ್ತಿತ್ತು.

ಲಂಡನ್ನಿನಲ್ಲಿ ತೊಗಲಿನ ಶೀಸೆ ಮಾಡುವವರದೇ ಒಂದು ಸಂಘವಿತ್ತು; 1476ರಲ್ಲಿ ಅದು ಕೊಂಬಿನ ಕೆಲಸಗಾರರ ಸಂಘದೊಡನೆ ಕೂಡಿಕೊಂಡಿತು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ‘ಮೇರಿ ರೋಸ್’ ಎಂಬ ಯುದ್ಧನೌಕೆಯ ಅವಶೇಷಗಳಲ್ಲಿ ತೊಗಲಿನ ಶೀಸೆಗಳೂ ದೊರೆತಿವೆ. ಇಂಗ್ಲಿಷರು ತಮ್ಮ ಬೂಟುಗಳಲ್ಲಿಯೇ ಕುಡಿಯುತ್ತಾರೆಂದು ಫ್ರೆಂಚರು ನಗೆಯಾಡಿದರೆಂಬ ಮಾತೂ ಹಳೆಯದೇ.

ನಮ್ಮಲ್ಲಿ ಹಾಗಾಗದಿರಲು ಕಾರಣಗಳು ಸ್ಪಷ್ಟವಾಗಿವೆ. ಉಳ್ಳವರಿಗೆ ತಾಮ್ರ ಹಿತ್ತಾಳೆಯ ತಂಬಿಗೆಯಿತ್ತು. ಇಲ್ಲದವರಿಗೆ ಮಣ್ಣಿನ ಕುಡಿಕೆ, ಸೋರೆಯ ಬುರುಡೆ, ಎಲೆಯ ದೊನ್ನೆ ಇದ್ದವು. ಅದಕ್ಕಿಂತ ದೊಡ್ಡ ಕಾರಣ ಎಂಜಲಿನದು. ತುಟಿ ಮುಟ್ಟಿದ ಪಾತ್ರೆಯನ್ನು ಬೂದಿಯಿಂದಲೋ ಹುಣಿಸೆಯಿಂದಲೋ ತಿಕ್ಕಿ ಬೆಳಗಬೇಕು, ಇಲ್ಲವೆ ಬಿಸಾಡಬೇಕು. ತೊಗಲನ್ನು ತಿಕ್ಕಿ ಬೆಳಗಲಾಗದು. ಬಿಸಾಡುವಷ್ಟು ಅಗ್ಗವೂ ಅದಲ್ಲ. ಆದ್ದರಿಂದ ತೊಗಲು ನಮ್ಮಲ್ಲಿ ದೂರದ ಪಾತ್ರೆಯಾಗಿಯೇ ಉಳಿಯಿತು. ಬಾವಿಯೊಳಗೆ ಇಳಿಯಿತು, ಎತ್ತಿನ ಬೆನ್ನೇರಿತು, ಸಂತೆಗೆ ಹೋಯಿತು. ಊಟದ ಮನೆಯ ಹೊಸ್ತಿಲು ದಾಟಿ ಲೋಟವಾಗಲಿಲ್ಲ.

ಶುದ್ಧವಾದ ನೀರು, ಅಶುದ್ಧನಾದ ಮನುಷ್ಯ

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಮೊಟ್ಟೆಯಿಂದ ದೋಣಿಗೆ ಬಿದ್ದ ನೀರನ್ನು ಯಾರೂ ಮೈಲಿಗೆಯೆನ್ನಲಿಲ್ಲ. ಬಾಯಾರಿದ ದಾರಿಹೋಕ, ಅವನು ಎಂಥ ಮಡಿವಂತನೇ ಇರಲಿ, ತೋಟದ ದೋಣಿಯಲ್ಲಿ ಬೊಗಸೆಯೊಡ್ಡಿದ. ಬುದ್ದಲಿಯಲ್ಲಿ ಬಂದ ತುಪ್ಪದಿಂದ ದೇವರ ಮುಂದೆ ನಂದಾದೀಪ ಉರಿಯಿತು, ಹೋಮ ನಡೆಯಿತು. ತೊಗಲಿನಿಂದ ಧಾರೆಯಾಗಿ ಬಿದ್ದ ನೀರಿಗೂ ಯಂತ್ರದಿಂದ ಎತ್ತಿದ ನೀರಿಗೂ ದೋಷವಿಲ್ಲವೆಂದು ಸ್ಮೃತಿಕಾರರಲ್ಲಿಯೇ ಕೆಲವರು ಅಪ್ಪಣೆ ಕೊಡಿಸಿದ್ದಾರೆ. ಅನುಕೂಲ ಬೇಕಾದಲ್ಲಿ ಶಾಸ್ತ್ರವೂ ಮೆತ್ತಗಾಗುತ್ತದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದರೆ ಆ ರಿಯಾಯಿತಿ ತೊಗಲಿಗೆ ದೊರೆಯಿತು, ತೊಗಲು ಹದ ಮಾಡಿದವನಿಗೆ ದೊರೆಯಲಿಲ್ಲ. ಅವನು ಹೊಲಿದ ಮೊಟ್ಟೆ ಬಾವಿಯ ತಳಕ್ಕೆ ಇಳಿಯಬಹುದಾಗಿತ್ತು. ಅವನ ಕೊಡ ಇಳಿಯುವಂತಿರಲಿಲ್ಲ. ಊರ ಬಾವಿಯ ಕಟ್ಟೆಯ ಕೆಳಗೆ ಅವನ ಹೆಂಗಸರು ಯಾರಾದರೂ ದಯೆತೋರಿ ಮೇಲಿನಿಂದ ಸುರಿಯುವವರೆಗೆ ಕಾಯಬೇಕಾಗಿತ್ತು. ನೀರನ್ನು ಎಲ್ಲರಿಗಿಂತ ಹೆಚ್ಚು ಬಲ್ಲ ಕಸಬು ಅವನದು. ನೀರಿಗಾಗಿ ಎಲ್ಲರಿಗಿಂತ ಹೆಚ್ಚು ಕಾದವನೂ ಅವನೇ.

ಈ ಅನ್ಯಾಯವನ್ನು ಮೊದಲು ಎತ್ತಿ ತೋರಿಸಿದ್ದು ಹನ್ನೆರಡನೆಯ ಶತಮಾನದ ಕಲ್ಯಾಣ. ಡೋಹರ ಕಕ್ಕಯ್ಯ, ಮಾದಾರ ಚೆನ್ನಯ್ಯ, ಮಾದಾರ ಧೂಳಯ್ಯ, ಸಮಗಾರ ಹರಳಯ್ಯ, ಈ ಹೆಸರುಗಳೆಲ್ಲ ತೊಗಲಿನ ಕಸಬಿನ ಸುತ್ತಲಿನವು. ಬಸವಣ್ಣನವರು ಚೆನ್ನಯ್ಯ ಕಕ್ಕಯ್ಯರನ್ನು ತಮ್ಮ ಬಂಧುಗಳೆಂದು ಬಾಯ್ತುಂಬ ಕರೆದರು. ಹರಳಯ್ಯ ದಂಪತಿಗಳು ತಮ್ಮ ತೊಡೆಯ ತೊಗಲಿನಿಂದಲೇ ಪಾದರಕ್ಷೆ ಮಾಡಿ ಬಸವಣ್ಣನವರಿಗೆ ಅರ್ಪಿಸಿದರೆಂಬ ಕಥೆ ನಾಡಿನಲ್ಲೆಲ್ಲ ಹಬ್ಬಿದೆ. ಅವರ ಮಗನಿಗೂ ಮಧುವರಸರ ಮಗಳಿಗೂ ನಡೆದ ಮದುವೆ ಕಲ್ಯಾಣದ ದುರಂತಕ್ಕೆ ಕಾರಣವಾಯಿತೆಂದು ಪರಂಪರೆ ಹೇಳುತ್ತದೆ. ಬೆನ್ನಟ್ಟಿದ ಸೈನ್ಯವನ್ನು ತಡೆದು, ಶರಣರನ್ನು ಮುಂದೆ ಕಳುಹಿಸಿ, ಕಕ್ಕಯ್ಯನು ಪ್ರಾಣ ಬಿಟ್ಟದ್ದು ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿಯೆಂದು ಅದೇ ಪರಂಪರೆ ನಂಬುತ್ತದೆ. ಊರು ಅವನ ಹೆಸರನ್ನೇ ಹೊತ್ತಿದೆ. ತೊಗಲನ್ನು ಹದ ಮಾಡುವ ಕಕ್ಕಯ್ಯನ ಕಾಯಕ ಅಂದು ಅನುಭವ ಮಂಟಪದಲ್ಲಿ ಗೌರವ ಪಡೆಯಿತು. ಆದರೆ ಕಲ್ಯಾಣ ಚದುರಿದ ಮೇಲೆ ಊರ ಬಾವಿಯ ಕಟ್ಟೆ ಮೊದಲಿದ್ದಲ್ಲಿಯೇ ಇತ್ತು.

ಒಂದು ಕಪ್ಪು ಚಹ

ಆ ಕಟ್ಟೆಗೆ ಮತ್ತೆ ಪೆಟ್ಟು ಬಿದ್ದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದರ ಮುಖ್ಯ ಘಟನೆಗಳು ನಡೆದದ್ದು ಈ ಸೀಮೆಯಲ್ಲಿಯೂ ಇದರ ಮಗ್ಗುಲಲ್ಲಿಯೂ ಎಂಬುದನ್ನು ನಾವು ಮರೆಯಬಾರದು. ಅಥಣಿ ಚಿಕ್ಕೋಡಿಗಳು ಮುಂಬಯಿ ಇಲಾಖೆಗೆ ಸೇರಿದ್ದರೆ ರಾಯಬಾಗವು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. 1894ರಿಂದ 1922ರವರೆಗೆ ಆಳಿದ ಶಾಹೂ ಮಹಾರಾಜರು 1902ರಲ್ಲಿಯೇ ಹಿಂದುಳಿದವರಿಗೆ ಸರಕಾರಿ ಕೆಲಸಗಳಲ್ಲಿ ನೂರಕ್ಕೆ 50ರಷ್ಟನ್ನು ಮೀಸಲಿಟ್ಟವರು. 1919ರಲ್ಲಿ ಅವರು ಸಾರ್ವಜನಿಕ ಬಾವಿ, ಧರ್ಮಶಾಲೆ, ದವಾಖಾನೆಗಳಲ್ಲಿ ಅಸ್ಪೃಶ್ಯತೆಯನ್ನು ಪಾಲಿಸಬಾರದೆಂದು ಹುಕುಂ ಹೊರಡಿಸಿದರು.

ಅದೇ ಕಾಲದ ಒಂದು ಸಂಗತಿಯನ್ನು ಕೊಲ್ಹಾಪುರದವರು ಈಗಲೂ ಹೇಳುತ್ತಾರೆ. ಅರಮನೆಯ ಕುದುರೆ ಲಾಯದಲ್ಲಿದ್ದ ಗಂಗಾರಾಮ ಕಾಂಬಳೆ ಎಂಬ ದಲಿತ ಸೇವಕನು ಮೇಲ್ಜಾತಿಯವರ ನೀರಿನ ಹೌದನ್ನು ಮುಟ್ಟಿದನೆಂದು ಹೊಡೆತ ತಿಂದನು. ಮಹಾರಾಜರು ಹೊಡೆದವರನ್ನು ಶಿಕ್ಷಿಸಿದ್ದಲ್ಲದೆ, ಕಾಂಬಳೆಗೆ ಹಣಕೊಟ್ಟು ಊರೊಳಗೆ ಚಹದ ಅಂಗಡಿ ಹಾಕಿಸಿದರು. ಅವನ ಕೈಯ ಚಹವನ್ನು ಯಾರೂ ಮುಟ್ಟದಿದ್ದಾಗ, ತಾವೇ ಪರಿವಾರ ಸಮೇತ ಗಾಡಿ ನಿಲ್ಲಿಸಿ ಅಲ್ಲಿ ಚಹ ಕುಡಿದರು. ಅರಸನೇ ಕುಡಿದ ಮೇಲೆ ಉಳಿದವರಿಗೆ ಕುಡಿಯದೆ ವಿಧಿಯಿರಲಿಲ್ಲ. ಶಾಸ್ತ್ರಗ್ರಂಥಗಳು ಶತಮಾನಗಳಿಂದ ಚರ್ಚಿಸಿದ್ದ ಪ್ರಶ್ನೆಯನ್ನು ಒಂದು ಕಪ್ಪು ಚಹ ಬೀದಿಯಲ್ಲಿ ನಿಲ್ಲಿಸಿ ಕೇಳಿತು.

1920ರ ಮಾರ್ಚಿನಲ್ಲಿ ಕಾಗಲ ಜಹಗೀರಿನ ಮಾಣಗಾವಿಯಲ್ಲಿ ನಡೆದ ಪರಿಷತ್ತಿಗೆ ತರುಣ ಅಂಬೇಡಕರರು ಅಧ್ಯಕ್ಷರು; ಶಾಹೂ ಮಹಾರಾಜರು ಸ್ವತಃ ಬಂದು ಅವರನ್ನು ಜನರ ಮುಂದೆ ನಾಯಕರೆಂದು ಎತ್ತಿ ತೋರಿಸಿದರು. 1923ರ ಆಗಸ್ಟ್ 4ರಂದು ಸೀತಾರಾಮ ಕೇಶವ ಬೋಲೆಯವರ ಠರಾವು ಮುಂಬಯಿ ಶಾಸನಸಭೆಯಲ್ಲಿ ಅಂಗೀಕಾರವಾಯಿತು. ಸಾರ್ವಜನಿಕ ಹಣದಿಂದ ಕಟ್ಟಿದ ಇಲ್ಲವೆ ನಡೆಸುವ ಕೆರೆ ಬಾವಿಗಳೆಲ್ಲ ಎಲ್ಲರಿಗೂ ತೆರೆದಿರಬೇಕೆಂಬುದು ಅದರ ಸಾರ. ಅಥಣಿಯ ಬಾವಿಗೂ ಅದು ಅನ್ವಯಿಸಿತು, ಚಿಕ್ಕೋಡಿಯ ಬಾವಿಗೂ ಅನ್ವಯಿಸಿತು. ಆದರೆ ಬಹಳ ಕಡೆ ಅದು ಕಾಗದದ ಮೇಲೆಯೇ ಉಳಿಯಿತು. 1925ರ ಏಪ್ರಿಲಿನಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತ ಪರಿಷತ್ತು ನಮ್ಮ ನಿಪ್ಪಾಣಿಯಲ್ಲಿಯೇ ಅಂಬೇಡಕರರ ಅಧ್ಯಕ್ಷತೆಯಲ್ಲಿ ಕೂಡಿತು. ಅದಾದ ಎರಡು ವರ್ಷಕ್ಕೆ, 1927ರ ಮಾರ್ಚ್ 20ರಂದು, ಅವರು ಮಹಾಡದ ಚವದಾರ ಕೆರೆಗೆ ಇಳಿದು ಬೊಗಸೆಯಿಂದ ನೀರು ಕುಡಿದರು. ಆ ಕೆರೆಯ ವ್ಯಾಜ್ಯ ಮುಂಬಯಿ ಹೈಕೋರ್ಟಿನಲ್ಲಿ ಅವರ ಕಡೆ ತೀರ್ಮಾನವಾಗಲು ಮತ್ತೆ 10 ವರ್ಷ ಹಿಡಿಯಿತು.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ಅನುಚ್ಛೇದ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಅದರ ಬೆನ್ನಿಗೆ ಬಂದ 1955ರ ಕಾಯಿದೆಯನ್ನು ಓದಿದವರಿಗೆ ಒಂದು ಅಂಶ ತಟ್ಟನೆ ಕಾಣುತ್ತದೆ. ಬಾವಿ, ಕೆರೆ, ನಳಗಳ ಮಾತಷ್ಟೇ ಅಲ್ಲ, ಹೋಟೆಲುಗಳಲ್ಲಿ ಸಾರ್ವಜನಿಕರಿಗಾಗಿ ಇಟ್ಟ ಪಾತ್ರೆಗಳ ಮಾತನ್ನೂ ಅದು ಬಿಡಿಸಿ ಹೇಳಿದೆ. ಏಕೆಂದರೆ ಹಳ್ಳಿಗಳಿಗೆ ಚಹದ ಅಂಗಡಿ ಬಂದಾಗ ಊರವರಿಗೆ ಕಪ್ಪು ಬಸಿ, ಕೇರಿಯವರಿಗೆ ಕರಟ ಅಥವಾ ಗೂಟಕ್ಕೆ ಸಿಕ್ಕಿಸಿದ ಬೇರೆ ಲೋಟ ಎಂಬ ನಡಾವಳಿ ಅದರೊಡನೆಯೇ ಬಂದಿತ್ತು. ಸಾವಿರ ಜನಕ್ಕೆ ಸಾಲುವ ನೀರಿನ ಪಾತ್ರೆಯನ್ನು ಹೊಲಿದವರ ಕೈಗೆ ಊರು ಕೊಟ್ಟದ್ದು ಆ ಕರಟ. ಕಾಯಿದೆ ಬಂದ ಮೇಲೆಯೂ ಆ ಬೇರೆ ಲೋಟ ನಾಡಿನ ಎಷ್ಟೋ ಹಳ್ಳಿಗಳಲ್ಲಿ ದಶಕಗಟ್ಟಲೆ ಉಳಿದುಕೊಂಡದ್ದು ನಮ್ಮೆಲ್ಲರ ನಾಚಿಕೆಯ ಸಂಗತಿ.

ಪಾತ್ರೆ ಹೋಯಿತು, ಚಪ್ಪಲಿ ಉಳಿಯಿತು

ಈ ಹೋರಾಟ ನಡೆದಿದ್ದ ವರ್ಷಗಳಲ್ಲಿಯೇ ತೊಗಲಿನ ಪಾತ್ರೆಗಳು ಒಂದೊಂದಾಗಿ ಮೂಲೆ ಸೇರಿದವು. ಮದರಾಸಿನಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಎಂಬ ಅಧಿಕಾರಿ 1903ರಿಂದ ಕ್ರೋಮ್ ಲವಣದ ಹದವನ್ನು ಪ್ರಯೋಗಿಸತೊಡಗಿದಾಗ ಅವರ ಕಣ್ಣಿದ್ದದ್ದು ಬಾವಿಯ ಚೀಲಗಳ ಮೇಲೆ. ತೊಗಟೆಯ ಒಗರಿನಂತೆ ಕ್ರೋಮ್ ನೀರಿಗೆ ಬಿಟ್ಟುಹೋಗದು. ಆದ್ದರಿಂದ ಚೀಲ ಹೆಚ್ಚು ಬಾಳುತ್ತದೆಂಬುದು ಅವರ ಲೆಕ್ಕ. ಆದರೆ ಮೊಟ್ಟೆಯನ್ನು ಸೋಲಿಸಿದ್ದು ಬೇರೆ ತೊಗಲಲ್ಲ, ಕಬ್ಬಿಣ. ಮೊದಲು ತಗಡಿನ ಮೊಟ್ಟೆ ಬಂದಿತು, ಆಮೇಲೆ ಎಣ್ಣೆಯ ಎಂಜಿನ್ನು, ಕೊನೆಗೆ ವಿದ್ಯುತ್ತಿನ ಪಂಪು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅಲ್ಲಿ 1920ರ ದಶಕದಲ್ಲಿ ಪಂಪುಗಳ ತಯಾರಿಕೆ ಮೊದಲಾಯಿತು. ಅಥಣಿಯ ಬಾವಿಗಳಿಗೆ ಅದು ದೂರದ ಊರಲ್ಲ. ಪಂಪು ಬಂದ ಬಾವಿಯಲ್ಲಿ ಎತ್ತಿನ ಹಾಡು ನಿಂತಿತು. ಮೊಟ್ಟೆ ಹೊಲಿಯುವವನ ಆಯವೂ ನಿಂತಿತು. ನಳ ಬಂದ ಪಟ್ಟಣದಲ್ಲಿ ಪಖಾಲಿ ಹೋಯಿತು. ತಗಡಿನ ಡಬ್ಬಿ ಬಂದ ಸಂತೆಯಲ್ಲಿ ಬುದ್ದಲಿ ಹೋಯಿತು. ಇದರಲ್ಲಿ ಅಳುವಂಥದೇನೂ ಇಲ್ಲ. ಜಾತಿ ಕೇಳದ ನಳವೊಂದು ಎಲ್ಲ ಕೇರಿಯ ಮನೆಬಾಗಿಲಿಗೂ ಬರುವುದಾದರೆ ನೂರು ಪಖಾಲಿಗಳು ಹೋದರೂ ಹೋಗಲಿ.

ಉಳಿದದ್ದು ಚಪ್ಪಲಿ. 1976ರಲ್ಲಿ ಸ್ಥಾಪನೆಯಾದ ರಾಜ್ಯದ ಚರ್ಮ ಕೈಗಾರಿಕೆಗಳ ನಿಗಮ, ಇಂದಿನ ಲಿಡ್ಕರ್, ಕೆಲಸಗಾರರ ನೆರವಿಗೆ ಬಂದಿತು. ಅಥಣಿಯ ಮಹಿಳೆಯರು ಸ್ವಸಹಾಯ ಸಂಘಗಳನ್ನು ಕಟ್ಟಿಕೊಂಡು ಹೊರದೇಶದ ಪೇಟೆಗೂ ಚಪ್ಪಲಿ ಕಳುಹಿಸಿದರು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಆ ಹಕ್ಕು ಸೇರಿತು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇದೇ ಮಾದರಿಯ ಮೆಟ್ಟುಗಳನ್ನು ಮೂಲದ ಹೆಸರು ಹೇಳದೆ ಮೆರೆಸಿದಾಗ ಎದ್ದ ಕೂಗು, ಆ ಕಂಪನಿ ಮೂಲವನ್ನು ಒಪ್ಪಿಕೊಳ್ಳುವಂತೆ ಮಾಡಿತು.

ಆ ಕೂಗು ನ್ಯಾಯವಾದುದೇ. ಆದರೆ ಹೆಸರು ಹೇಳದೆ ವಸ್ತುವನ್ನು ಮಾತ್ರ ಒಪ್ಪಿಕೊಳ್ಳುವ ಕಲೆಯನ್ನು ಇಟಲಿಯವರಿಂದ ನಾವು ಕಲಿಯಬೇಕಾಗಿಲ್ಲ. ಮೊಟ್ಟೆಯ ನೀರನ್ನು ಕುಡಿದು, ಮೊಟ್ಟೆ ಹೊಲಿದವನನ್ನು ಕಟ್ಟೆಯ ಕೆಳಗೆ ನಿಲ್ಲಿಸಿದವರು ನಾವೇ ಅಲ್ಲವೆ? ಇಂದು ಈ ಸೀಮೆಯ ಬಹುಪಾಲು ಕುಶಲಕರ್ಮಿಗಳು ಹದವಾದ ತೊಗಲನ್ನು ಹೊರಗಿನಿಂದಲೇ ಕೊಳ್ಳುತ್ತಾರೆ. ಅಂಗಳದಲ್ಲಿ ಕಷಾಯದ ಚೀಲ ತೂಗುವ ನೋಟ ಅಪರೂಪವಾಗಿದೆ. ಆ ಹದವನ್ನು ಬಲ್ಲ ಹಿರಿಯರು ಇರುವಾಗಲೇ, ಎಷ್ಟು ಸುಣ್ಣಕ್ಕೆ ಎಷ್ಟು ದಿನ, ಯಾವ ತೊಗಟೆಗೆ ಎಂಥ ಬಣ್ಣ, ಯಾವ ತೊಗಲಿಗೆ ಯಾವ ಹೊಲಿಗೆ ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಡಬೇಕು. ನಮ್ಮ ವಸ್ತುಸಂಗ್ರಹಾಲಯಗಳಲ್ಲಿ ಅರಸರ ಕತ್ತಿ ಗುರಾಣಿಗಳಿಗೆ ಜಾಗವಿದೆ. ಒಂದು ಮೊಟ್ಟೆ, ಒಂದು ಪಖಾಲಿ, ಒಂದು ಬುದ್ದಲಿ, ಅವುಗಳ ಪಕ್ಕದಲ್ಲಿ ಸಮಗಾರನ ರಂಪಿಗೆ ಮತ್ತು ಆರಿ, ಇಷ್ಟಕ್ಕೂ ಅಲ್ಲಿ ಜಾಗ ದೊರೆಯಬೇಕು. ಕೆಳಗೆ ಬರೆಯುವ ಚೀಟಿಯಲ್ಲಿ ವಸ್ತುವಿನ ಹೆಸರಷ್ಟೇ ಸಾಲದು. ಅದನ್ನು ಮಾಡಿದವರು ಯಾರು, ಅವರು ಎಲ್ಲಿ ನೀರು ಕುಡಿದರು ಎಂಬುದನ್ನೂ ಬರೆಯಬೇಕು.